ಸೌತೆಬಳ್ಳಿ ಸೊರಗಿದಾಗ



ತಾರಸಿಯಲ್ಲೋ ಹಿತ್ತಿಲಲ್ಲೋ ಮೊದಲ ಸಲ ತರಕಾರಿ ಬೆಳೆಯಲು ಹೊರಟವರು ಆಸೆಯಿಂದ ಹಾಕುವ ಬಳ್ಳಿಗಳಲ್ಲಿ ಸೌತೆಯೂ ಒಂದು. ಬೀಜ ಊರಿ ವಾರ ಕಳೆಯುವುದರೊಳಗೆ ಮೊಳಕೆ. ತಿಂಗಳು ತುಂಬುವಷ್ಟರಲ್ಲಿ ಆಳೆತ್ತರದ ಬಳ್ಳಿ. 50 ದಿನದ ಆಸುಪಾಸಿನಲ್ಲಿ ಕಾಯಿ. ಇಷ್ಟು ಬೇಗ ಫಲ ಕೊಡುವ ಬಳ್ಳಿ ಯಾರಿಗೆ ತಾನೇ ಬೇಡ?

ಈ ನಡುವೆ ಒಂದು ದಿನ ಎಲೆ ಹಳದಿಯಾಗುತ್ತದೆ. ಹೊಸದಾಗಿ ಗಿಡ ಬೆಳೆಸುವವರಿಗೆ ಗಾಬರಿ. ಅಂದೇ ಒಂದು ಬಕೆಟ್ ನೀರು ಸುರಿಯುತ್ತಾರೆ. ಸಂಜೆಗೆ ಎರಡು ಹಿಡಿ ಗೊಬ್ಬರ. ಮರುದಿನ ಬೇವಿನೆಣ್ಣೆ. ಅದರ ಮರುದಿನ ಅಂಗಡಿಯಿಂದ ತಂದ ಇನ್ನೊಂದು ಔಷಧಿ. ಬಳ್ಳಿ ಚೇತರಿಸಿಕೊಂಡರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಒಣಗಿ ಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ಮದ್ದು ಹಾಕುವುದಕ್ಕೆ ಮುಂಚೆ ಬಳ್ಳಿಯನ್ನು ನೋಡುವುದು ಹೇಗೆ ಎಂಬುದೇ ಇಂದಿನ ವಿಷಯ. ಗಮನಿಸಬೇಕಾದದ್ದು ಮೂರು. ಬಳ್ಳಿ ಬಾಡಿದ್ದು ಯಾವ ಹೊತ್ತಿನಲ್ಲಿ? ಹಳದಿ ಶುರುವಾದದ್ದು ಯಾವ ಎಲೆಯಿಂದ? ಕಲೆ ಇರುವುದು ಎಲೆಯ ಯಾವ ಬದಿಯಲ್ಲಿ? ಈ ಮೂರನ್ನೂ ನೋಡಿ ಮುಗಿಸಿದ ಮೇಲೆ ಹೂವು, ಕಾಯಿಗಳ ಕಡೆ ತಿರುಗಬಹುದು.

ಮೊದಲು ಬಳ್ಳಿಯ ಸ್ವಭಾವ ಸ್ವಲ್ಪ ತಿಳಿದಿರಲಿ. ಸೌತೆ ನಮ್ಮ ನಾಡಿನದೇ ಗಿಡ. ಹಿಮಾಲಯದ ತಪ್ಪಲಿನಲ್ಲಿ ಅದರ ಕಾಡು ಬಂಧು ಈಗಲೂ ಬೆಳೆಯುತ್ತದೆ. ಅದರ ಕಾಯಿ ಪುಟ್ಟದು, ಬಾಯಿಗಿಡಲಾರದಷ್ಟು ಕಹಿ. ನಾವು ಹಸಿಯಾಗಿ ತಿನ್ನುವ ಸೌತೆ, ಕರಾವಳಿಯ ಮುಳ್ಳುಸೌತೆ, ಉಪ್ಪಿನಕಾಯಿಗಾಗಿ ವಿದೇಶಕ್ಕೆ ಹೋಗುವ ಮಿಡಿಸೌತೆ, ಇವೆಲ್ಲ ಒಂದೇ ಜಾತಿ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಮಾತ್ರ ಕರಬೂಜದ ಜಾತಿಗೆ ಸೇರಿದ್ದು. ಆದರೂ ಇಂದು ಹೇಳುವ ಬಹುಪಾಲು ಲಕ್ಷಣಗಳು ಅದಕ್ಕೂ ಹೊಂದುತ್ತವೆ.

ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಎಲೆ ಅಂಗೈಗಿಂತ ಅಗಲ, ಬಲು ತೆಳು. ಹೆಚ್ಚಿನ ಬೇರುಗಳು ಮಣ್ಣಿನ ಮೇಲಿನ ಒಂದು ಅಡಿಯೊಳಗೇ ಹರಡಿಕೊಂಡಿರುತ್ತವೆ. ಹೀಗಾಗಿ ನೀರಿನಲ್ಲಿ ಏನೇ ಹೆಚ್ಚುಕಡಿಮೆಯಾದರೂ ಸೌತೆ ಬಲುಬೇಗ ಬಾಡಿ ತೋರಿಸುತ್ತದೆ. ಆದ್ದರಿಂದ ಹೊತ್ತಿನ ಪ್ರಶ್ನೆಯಿಂದಲೇ ಶುರು ಮಾಡೋಣ.

ಏಪ್ರಿಲ್ ತಿಂಗಳ ಮಧ್ಯಾಹ್ನ 2 ಗಂಟೆಗೆ ತಾರಸಿಗೆ ಹೋದರೆ ಸೌತೆ ಎಲೆಗಳು ಜೋತುಬಿದ್ದಿರುತ್ತವೆ. ಅದನ್ನು ಕಂಡು ನೀರು ಹಾಕಲು ಓಡಬೇಡಿ. ಉರಿಬಿಸಿಲಿನಲ್ಲಿ ಎಲೆಯಿಂದ ನೀರು ಆವಿಯಾಗುವಷ್ಟು ಬೇಗ ಬೇರು ನೀರು ಹೀರಲಾರದು. ಸಂಜೆ 6 ಗಂಟೆಗೆ ಅದೇ ಎಲೆ ತಾನಾಗಿ ಎದ್ದು ನಿಂತಿದ್ದರೆ ಅದು ರೋಗವಲ್ಲ. ಬುಡಕ್ಕೆ ಒಣಹುಲ್ಲೋ ತರಗೆಲೆಯೋ ಹೊದಿಸಿ. ಮಧ್ಯಾಹ್ನದ ಎರಡು ಮೂರು ಗಂಟೆ ತೆಳುವಾದ ನೆರಳು ಸಿಕ್ಕರೆ ಇನ್ನೂ ಒಳ್ಳೆಯದು.

ಬೆಳಿಗ್ಗೆ 7 ಗಂಟೆಗೇ ಬಳ್ಳಿ ಬಾಡಿದ್ದರೆ ಮಾತ್ರ ಚಿಂತೆಯ ವಿಷಯ. ಆಗ ಬೆರಳನ್ನು ಮಣ್ಣಿನೊಳಗೆ ಎರಡು ಇಂಚು ಇಳಿಸಿ. ಒಣಗಿದ್ದರೆ ನಿಧಾನವಾಗಿ, ಕೆಳಗಿನ ತೂತಿನಿಂದ ಹನಿಯುವವರೆಗೆ ನೀರು ಕೊಡಿ. ಒದ್ದೆಯಾಗಿದ್ದೂ ಬಳ್ಳಿ ಬಾಡಿದ್ದರೆ ನೀರು ನಿಲ್ಲಿಸಿ. ಹೊಸಬರ ಸೌತೆಬಳ್ಳಿ ಒಣಗಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಹೆಚ್ಚು. ಬೇರಿಗೆ ಗಾಳಿಯೂ ಬೇಕು. ನೀರು ನಿಂತ ಮಣ್ಣಿನಲ್ಲಿ ಅದಕ್ಕೆ ಉಸಿರಾಡಲಾಗದು.

ತಾರಸಿ ತೋಟದಲ್ಲಿ ಹೀಗಾಗಲು ಎರಡು ಕಾರಣಗಳಿವೆ. ಒಂದು, ಕುಂಡವನ್ನೋ ಗ್ರೋ ಬ್ಯಾಗನ್ನೋ ನೇರ ಸಿಮೆಂಟಿನ ಮೇಲೆ ಇಟ್ಟಿರುವುದು. ಅಡಿಯಲ್ಲಿ ತೂತು ಇರುತ್ತದೆ, ಆದರೆ ನೆಲಕ್ಕೆ ಒತ್ತಿ ಮುಚ್ಚಿಹೋಗಿರುತ್ತದೆ. ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟರೆ ನೀರು ಬಸಿದುಹೋಗುತ್ತದೆ. ಇನ್ನೊಂದು, ಕೊಕೊಪೀಟ್. ಈ ತೆಂಗಿನ ನಾರಿನ ಪುಡಿ ಮೇಲೆ ಬೇಗ ಒಣಗಿ ತಿಳಿ ಕಂದಾಗಿ ಕಾಣುತ್ತದೆ. ಒಳಗೆ ಕೈ ಹಾಕಿದರೆ ಹಿಂಡಿದಷ್ಟೂ ನೀರು. ಮೇಲ್ಭಾಗ ನೋಡಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಒಂದು ಬಳ್ಳಿಗೆ 15 ರಿಂದ 20 ಲೀಟರ್ ಹಿಡಿಯುವ ಚೀಲವಿರಲಿ. ಕೊಕೊಪೀಟಿನ ಜೊತೆ ಮಣ್ಣೂ ಕೊಟ್ಟಿಗೆ ಗೊಬ್ಬರವೂ ಸೇರಿರಲಿ.

ನೀರು ಸರಿಯಿದೆ, ತೂತು ಸರಿಯಿದೆ, ಆದರೂ ಬಳ್ಳಿ ದಿನದಿಂದ ದಿನಕ್ಕೆ ಸೊರಗುತ್ತಿದೆ. ಹಾಗಿದ್ದರೆ ತೀರಾ ಸೊರಗಿದ ಒಂದು ಬಳ್ಳಿಯನ್ನು ಕಿತ್ತು ಬೇರನ್ನು ನೀರಿನಲ್ಲಿ ತೊಳೆದು ನೋಡಿ. ಬೇರು ಬೆಳ್ಳಗಿರಬೇಕು. ಕಂದು ಬಣ್ಣ ತಿರುಗಿ ಲೋಳೆಯಾಗಿದ್ದರೆ ಕೊಳೆ. ಉದ್ದಕ್ಕೂ ಗಂಟುಗಂಟಾಗಿ ಊದಿಕೊಂಡಿದ್ದರೆ ಅದು ಬೇರುಗಂಟು ಜಂತುಹುಳು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಬೇರಿನೊಳಗೆ ಸೇರಿ ಈ ಗಂಟುಗಳನ್ನು ಮಾಡುತ್ತದೆ. 1855 ರಲ್ಲಿ ಇಂಗ್ಲೆಂಡಿನ ಪಾದ್ರಿ, ಸಸ್ಯವಿಜ್ಞಾನಿ ಮೈಲ್ಸ್ ಜೋಸೆಫ್ ಬರ್ಕ್ಲಿ ಈ ಹುಳುವಿನ ವಿಷಯ ಮೊದಲು ಬರೆದದ್ದು ಗಾಜಿನ ಮನೆಯಲ್ಲಿ ಬೆಳೆದ ಸೌತೆಯ ಬೇರನ್ನು ನೋಡಿಯೇ. ಎಲೆ ನೋಡುತ್ತ ನಿಂತಿದ್ದರೆ ಅವರಿಗೂ ಅದು ಸಿಗುತ್ತಿರಲಿಲ್ಲ. ಗಂಟು ಕಂಡ ಚೀಲದ ಮಣ್ಣಿನಲ್ಲಿ ಮತ್ತೆ ಸೌತೆ, ಟೊಮೆಟೊ, ಬೆಂಡೆ ಹಾಕಬೇಡಿ. ಆ ಮಣ್ಣನ್ನು ಬೇಸಿಗೆಯ ಬಿಸಿಲಿನಲ್ಲಿ ತೆಳುವಾಗಿ ಹರಡಿ ಒಣಗಿಸಿ. ಮುಂದೆ ಬೇವಿನ ಹಿಂಡಿ ಬೆರೆಸಿ. ಒಂದು ಬೆಳೆ ಚೆಂಡು ಹೂ ಹಾಕಿದರೆ ಜಂತುಹುಳು ಕಡಿಮೆಯಾಗುತ್ತದೆ.

ಇಲ್ಲಿಯವರೆಗೆ ಹೊತ್ತಿನ ಮಾತಾಯಿತು. ಮಧ್ಯಾಹ್ನ ಬಾಡಿ ಸಂಜೆ ಎದ್ದರೆ ಬಿಸಿಲು. ಬೆಳಿಗ್ಗೆಯೇ ಬಾಡಿದ್ದರೆ ನೀರು, ಇಲ್ಲವೇ ಬೇರು. ಇನ್ನು ಯಾವ ಎಲೆ ಎಂಬ ಪ್ರಶ್ನೆ.

ನೆಲದಿಂದ ಮೇಲೇಳುವಾಗ ಬರುವ ಎರಡು ದಪ್ಪ ಬೀಜದೆಲೆಗಳು ಕೆಲವು ವಾರದಲ್ಲಿ ಹಳದಿಯಾಗಿ ಉದುರುವುದು ಸಹಜ. ಅವನ್ನು ಬಿಡಿ. ಬುಡದ ಹಳೆಯ ಎಲೆಗಳು ಒಂದೊಂದಾಗಿ, ಇಡೀ ಎಲೆ ಒಂದೇ ಸಮನಾಗಿ ಬಿಳಿಚಿಕೊಂಡು ಹಳದಿಗೆ ತಿರುಗಿದರೆ ಸಾರಜನಕ ಸಾಲದು. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ಹಿರಿಯರು ತಮ್ಮ ಪಾಲನ್ನು ಮಕ್ಕಳ ತಟ್ಟೆಗೆ ಬಡಿಸುವಂತೆ, ಗಿಡವೂ ಹಳೆಯ ಎಲೆಯಲ್ಲಿದ್ದ ಸಾರಜನಕವನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಅದಕ್ಕೇ ಹಳದಿ ಕೆಳಗಿನಿಂದ ಶುರುವಾಗುವುದು. ಕೊಕೊಪೀಟ್ ಹೆಚ್ಚಿರುವ ಚೀಲಗಳಲ್ಲಿ ತಿಂಗಳಾಗುವಷ್ಟರಲ್ಲಿ ಇದು ಕಾಣಿಸಿಕೊಳ್ಳುತ್ತದೆ. 15 ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಟ್ಟರೆ ಹೊಸ ಎಲೆಗಳು ಹಸಿರಾಗಿ ಬರುತ್ತವೆ. ಹಳದಿಯಾದ ಎಲೆ ಮತ್ತೆ ಹಸಿರಾಗಬೇಕೆಂದು ಕಾಯಬೇಡಿ.

ಹಳೆಯ ಎಲೆಯಲ್ಲಿ ನರಗಳು ಹಸಿರಾಗಿದ್ದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಕೊರತೆ. ನರ ಹಸಿರು, ನಡುವೆ ಹಳದಿ ಎಂಬ ಲಕ್ಷಣ ತುದಿಯ ಚಿಗುರಿನಲ್ಲೇ ಕಂಡರೆ ಕಬ್ಬಿಣದ ಕೊರತೆ. ಕಬ್ಬಿಣವನ್ನು ಗಿಡ ಹಳೆಯ ಎಲೆಯಿಂದ ತೆಗೆದು ಹೊಸದಕ್ಕೆ ಸಾಗಿಸಲಾರದು. ಗಡಸು ಕೊಳವೆಬಾವಿ ನೀರನ್ನೇ ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಸುಣ್ಣದ ಅಂಶ ಹೆಚ್ಚಾಗಿ ಬೇರಿಗೆ ಸಿಗುವುದಿಲ್ಲ. ಮಳೆನೀರು ಹಿಡಿದಿಟ್ಟು ಕೊಟ್ಟರೆ ಗುಣ ಕಾಣುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತರಕಾರಿಗಳಿಗೆಂದೇ 'ಅರ್ಕಾ ವೆಜಿಟೆಬಲ್ ಸ್ಪೆಷಲ್' ಎಂಬ ಲಘು ಪೋಷಕಾಂಶಗಳ ಮಿಶ್ರಣವನ್ನು ರೂಪಿಸಿದೆ. ಪೊಟ್ಟಣದ ಮೇಲೆ ಬರೆದ ಅಳತೆಯಲ್ಲಿ ಅದನ್ನು ಎಲೆಗೆ ಸಿಂಪಡಿಸಬಹುದು.

ಯಾವ ಹೊತ್ತು, ಯಾವ ಎಲೆ, ಎರಡನ್ನೂ ನೋಡಿದ್ದಾಯಿತು. ಇನ್ನು ಎಲೆಯನ್ನು ಮಗುಚಿ ನೋಡಬೇಕು. ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಹೊಸಬರು ಬಿಟ್ಟುಬಿಡುವುದೂ ಇದನ್ನೇ.

ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಹೋಗಿ. ಎಲೆಯ ಮೇಲೆ ಹಳದಿ ಕಲೆಗಳಿವೆ ಎನ್ನಿ. ಅವು ಗುಂಡಗಿಲ್ಲ, ಮೂಲೆಮೂಲೆಯಾಗಿವೆ. ಕಲೆ ನರದವರೆಗೆ ಬಂದು ಅಲ್ಲಿಗೆ ನಿಂತಿದೆ. ಅದೇ ಎಲೆಯನ್ನು ತಿರುಗಿಸಿದರೆ ಕಲೆಯ ಹಿಂಭಾಗದಲ್ಲಿ ಬೂದು, ನೇರಳೆ ಬೆರೆತ ಬೂಜು. ಇದು ಬೂಜು ತುಪ್ಪಟ ರೋಗ. ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸಾಕು, ರೋಗಾಣು ಒಳಗೆ ಇಳಿಯುತ್ತದೆ. ಅಲ್ಲಿಂದ ಗಾಳಿಯಲ್ಲಿ ಹಾರಿ ಪಕ್ಕದ ಬಳ್ಳಿಗೆ ಹೋಗುತ್ತದೆ. ಮೋಡ, ಜಿಟಿಜಿಟಿ ಮಳೆ ಹಿಡಿದರೆ ವಾರದೊಳಗೆ ಇಡೀ ಚಪ್ಪರ ಕಂದಾಗಿ ಮುದುಡುತ್ತದೆ. ಅಡಿಕೆಯ ಕೊಳೆರೋಗ ತರುವ ಜೀವಿಯ ಬಳಗಕ್ಕೇ ಸೇರಿದ್ದು ಇದು. ಮಲೆನಾಡಿನ ರೈತರಿಗೆ ಇದರ ವೇಗವನ್ನು ಬಿಡಿಸಿ ಹೇಳಬೇಕಿಲ್ಲ.

ಈ ರೋಗದ ಕಥೆಯಲ್ಲಿ ನಮ್ಮ ದೇಶದ ಬೀಜವೊಂದರ ಪಾತ್ರವಿದೆ. ಭಾರತದಿಂದ ಹೋದ ಒಂದು ಸೌತೆ ತಳಿಯ ರೋಗನಿರೋಧಕ ಗುಣವನ್ನು ಅಮೆರಿಕದ ವಿಜ್ಞಾನಿಗಳು ತಮ್ಮ ತಳಿಗಳಿಗೆ ಸೇರಿಸಿಕೊಂಡರು. ಹಲವು ದಶಕ ಅಲ್ಲಿನ ರೈತರು ಈ ರೋಗದ ಚಿಂತೆಯಿಲ್ಲದೆ ಸೌತೆ ಬೆಳೆದರು. 2004 ರಲ್ಲಿ ಆ ತಡೆಯನ್ನೂ ಮೀರುವ ಹೊಸ ಬಗೆಯ ರೋಗಾಣು ಪೂರ್ವ ಅಮೆರಿಕದಲ್ಲಿ ಕಾಣಿಸಿಕೊಂಡು ಭಾರಿ ನಷ್ಟ ಮಾಡಿತು. ಆದ್ದರಿಂದ ರೋಗನಿರೋಧಕ ತಳಿ ಎಂದು ಬೀಜದ ಪೊಟ್ಟಣದ ಮೇಲೆ ಬರೆದಿದ್ದರೂ ಎಲೆ ಮಗುಚಿ ನೋಡುವುದನ್ನು ಬಿಡಬಾರದು.

ಮಾಡಬೇಕಾದದ್ದೇನು? ಕಲೆ ಬಿದ್ದ ಎಲೆಗಳನ್ನು ಒಣಹವೆಯಲ್ಲಿ ಕತ್ತರಿಸಿ ತೋಟದಿಂದ ಹೊರಗೆ ಹಾಕಿ. ನೀರನ್ನು ಬೆಳಿಗ್ಗೆ ಹಾಕಿ, ಬುಡಕ್ಕೆ ಮಾತ್ರ ಹಾಕಿ. ಸಂಜೆ ಪೈಪು ಹಿಡಿದು ಎಲೆ ತೋಯಿಸುವ ಅಭ್ಯಾಸ ಇಂದೇ ನಿಲ್ಲಲಿ. ಬಳ್ಳಿಯನ್ನು ನೆಲದ ಮೇಲೆ ಬಿಡದೆ ಚಪ್ಪರಕ್ಕೋ ಬಲೆಗೋ ಹತ್ತಿಸಿ. ಗಾಳಿಯಾಡಿದರೆ ಎಲೆ ಬೇಗ ಆರುತ್ತದೆ. ಕರಾವಳಿಯಲ್ಲಿ ಮಳೆಗಾಲದ ಮುಳ್ಳುಸೌತೆಗೆ ಮಣ್ಣು ಏರಿಸಿ, ಚಪ್ಪರ ಕಟ್ಟಿ ಬೆಳೆಯುವುದರ ಹಿಂದೆ ಈ ಅನುಭವವೇ ಇದೆ. ತಾಮ್ರದ ಶಿಲೀಂಧ್ರನಾಶಕ ರೋಗ ಬರುವ ಮುಂಚೆ ಹೊಡೆದರೆ ತಡೆಯುತ್ತದೆ, ಅರ್ಧ ಚಪ್ಪರ ಸುಟ್ಟ ಮೇಲೆ ಹೊಡೆದು ಪ್ರಯೋಜನವಿಲ್ಲ. ಆಗ ಬಳ್ಳಿಯನ್ನು ಕಿತ್ತು, ಮಳೆ ತಗ್ಗಿದ ಮೇಲೆ ಹೊಸ ಬೀಜ ಹಾಕುವುದೇ ಸರಿ. 50 ದಿನದ ಬೆಳೆಗೆ ತಿಂಗಳುಗಟ್ಟಲೆ ಔಷಧಿ ಹೊಡೆಯುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಪೂರಾ ಬೇರೆಯಾದದ್ದು ಬೂದಿ ರೋಗ. ಇದರಲ್ಲಿ ಎಲೆಯ ಮೇಲ್ಭಾಗದಲ್ಲಿ ಬಿಳಿ ಪುಡಿ ಕಾಣುತ್ತದೆ. ಬೆರಳಿನಿಂದ ಒರೆಸಿದರೆ ಪುಡಿ ಬೆರಳಿಗೆ ಹತ್ತುತ್ತದೆ. ಇದಕ್ಕೆ ಎಲೆ ಒದ್ದೆಯಾಗಿರಬೇಕಿಲ್ಲ. ಮಳೆ ನಿಂತ ಒಣಹವೆಯಲ್ಲಿ, ಒತ್ತಾಗಿ ಬೆಳೆದ ನೆರಳಿನ ಬಳ್ಳಿಯಲ್ಲಿ ಚೆನ್ನಾಗಿ ಹಬ್ಬುತ್ತದೆ. ಮನೆಯಲ್ಲೇ ಸಿಗುವ ಒಂದು ಮದ್ದು ಇದಕ್ಕಿದೆ. 1999 ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ ಸೌತೆಯ ಬಳಗದ ಜುಕಿನಿ ಗಿಡಗಳ ಮೇಲೆ ಹಸುವಿನ ಹಸಿ ಹಾಲನ್ನು ನೀರಿನಲ್ಲಿ ಬೆರೆಸಿ ಸಿಂಪಡಿಸಿದ ಪ್ರಯೋಗದ ಫಲ ಪ್ರಕಟಿಸಿದರು. ಹಾಲು ಬೂದಿ ರೋಗವನ್ನು ಹತೋಟಿಗೆ ತಂದಿತ್ತು. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ, ವಾರಕ್ಕೊಮ್ಮೆ, ಬೆಳಗಿನ ಬಿಸಿಲಿಗೆ ಎಲೆ ಆರುವಂತೆ ಸಿಂಪಡಿಸಿ. ರೋಗ ಶುರುವಾದಾಗಲೇ ಮಾಡಬೇಕು. ಗಂಧಕದ ಪುಡಿಯೂ ಈ ರೋಗಕ್ಕೆ ಮದ್ದೇ. ಆದರೆ ಬಿಸಿಲಿನ ದಿನಗಳಲ್ಲಿ ಅದು ಸೌತೆಯ ಎಲೆಯನ್ನೇ ಸುಡುತ್ತದೆ. ಹೊಸಬರು ಅದರ ತಂಟೆಗೆ ಹೋಗದಿರುವುದು ಲೇಸು.

ಹೀಗೆ, ಕೆಳಗೆ ಬೂಜು ಇದ್ದರೆ ಒಂದು ರೋಗ, ಮೇಲೆ ಬಿಳಿ ಪುಡಿ ಇದ್ದರೆ ಇನ್ನೊಂದು. ಎರಡೂ ಇಲ್ಲದಿದ್ದರೆ ಕೀಟ ಹುಡುಕಿ.

ಎಳೆಯ ಸಸಿಯ ಎಲೆಯಲ್ಲಿ ತೂತುಗಳಿದ್ದರೆ ಅದು ಕೆಂಪು ದುಂಬಿಯ ಕೆಲಸ. ಬೆಳಗಿನ ಚಳಿಗೆ ದುಂಬಿ ಮಂಕಾಗಿರುತ್ತದೆ, ಕೈಯಲ್ಲೇ ಹಿಡಿಯಬಹುದು. ಎಲೆಯ ಮೇಲೆ ಒಲೆಯ ಬೂದಿ ಎರಚುವ ಹಳೆಯ ಪದ್ಧತಿ ಸಸಿಗಳಿಗೆ ಈಗಲೂ ಒಳ್ಳೆಯದೇ. ಎಲೆಯೊಳಗೆ ಬಿಳಿ ಗೆರೆ ಸುತ್ತಿಸುತ್ತಿ ಹೋಗಿದ್ದರೆ ರಂಗೋಲಿ ಹುಳು. ಬಾಧೆ ಬಿದ್ದ ಎಲೆ ಕಿತ್ತರಾಯಿತು. ಎಲೆಯಡಿ ಹೇನು, ಬಿಳಿನೊಣ, ನುಸಿ ಇದ್ದರೆ ಅಡಿಗೆ ರಭಸವಾಗಿ ನೀರು ಹೊಡೆದು ತೊಳೆಯಿರಿ. ಇದನ್ನು ಬೆಳಿಗ್ಗೆಯೇ ಮಾಡಿ, ಎಲೆ ಬೇಗ ಆರಬೇಕು. ಎರಡು ಮೂರು ಸಲ ತೊಳೆದರೂ ಹೋಗದಿದ್ದರೆ ಬೇವಿನ ಸೋಪಿನ ನೀರು ಸಿಂಪಡಿಸಿ. ಎಣ್ಣೆಯನ್ನಾಗಲಿ ಸೋಪನ್ನಾಗಲಿ ಉರಿಬಿಸಿಲಿನಲ್ಲಿ ಹೊಡೆಯಬೇಡಿ.

ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಕಲಸಿಕೊಂಡು, ಎಲೆ ಸುಕ್ಕಾಗಿ, ಕುಡಿ ಕುಗ್ಗಿಹೋದರೆ ಅದು ನಂಜು ರೋಗ. ಸೌತೆಯ ಹೆಸರಿನದೇ ಒಂದು ಮೊಸಾಯಿಕ್ ನಂಜು ಇದೆ. 1916 ರಲ್ಲಿ ಅಮೆರಿಕದಲ್ಲಿ ಮೊದಲು ವರ್ಣಿಸಿದ ಇದು ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ತಗಲುತ್ತದೆ. ಹೇನು ಒಮ್ಮೆ ಕಚ್ಚಿದರೆ ಸಾಕು, ನಂಜು ಗಿಡದೊಳಗೆ ಸೇರಿಬಿಡುತ್ತದೆ. ಹೇನು ಔಷಧಿಯಿಂದ ಸಾಯುವ ಮುಂಚೆಯೇ ಆ ಕೆಲಸ ಮುಗಿದಿರುತ್ತದೆ. ಇದಕ್ಕೆ ಮದ್ದಿಲ್ಲ. ಕನಿಕರ ತೋರದೆ ಆ ಬಳ್ಳಿಯನ್ನು ಕಿತ್ತುಹಾಕಿದರೆ ಉಳಿದವು ಬದುಕುತ್ತವೆ.

ಹೊತ್ತು, ಎಲೆ, ಬದಿ, ಈ ಮೂರೂ ಮುಗಿದವು. ಬಳ್ಳಿ ಹಸಿರಾಗಿದೆ, ಹೂವೂ ಬಿಟ್ಟಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ ಎನ್ನುವವರಿಗೆ ಇನ್ನು ಮುಂದಿನ ಮಾತು.

ಸೌತೆಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆ. ಹೆಣ್ಣು ಹೂವಿನ ಹಿಂದೆ ಕಿರುಬೆರಳಿಗಿಂತ ಸಣ್ಣ ಹೀಚು ಇರುತ್ತದೆ. ಗಂಡು ಹೂವಿನ ಹಿಂದೆ ಬರೀ ತೊಟ್ಟು. ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂವುಗಳೇ. ಅವು ಅರಳಿ ಉದುರುತ್ತವೆ. ಅದು ರೋಗವಲ್ಲ, ಒಂದೆರಡು ವಾರ ತಾಳಿ. ಅಷ್ಟಾದರೂ ಹೆಣ್ಣು ಹೂವು ಬಾರದಿದ್ದರೆ ಬಿಸಿಲು ಕಡಿಮೆಯಾಗಿರಬಹುದು, ಸಾರಜನಕ ಹೆಚ್ಚಾಗಿರಬಹುದು. ಸೌತೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು.

ಹೆಣ್ಣು ಹೂವು ಬಂದು ಹೀಚು ಹಳದಿಯಾಗಿ ಉದುರಿದರೆ ಪರಾಗಸ್ಪರ್ಶ ಆಗಿಲ್ಲ. ಕಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊಟ್ಟಗೆ ಸಣ್ಣಗಾದರೂ ಬಹಳ ಸಲ ಕಾರಣ ಅದೇ. ಎತ್ತರದ ಮಹಡಿಗಳಿಗೆ ಜೇನ್ನೊಣ ಬರುವುದು ಕಡಿಮೆ. ಹೆಣ್ಣು ಹೂವು ಅರಳಿರುವುದು ಒಂದೇ ದಿನ. ಬೆಳಿಗ್ಗೆ ಆಗತಾನೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಭಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಎರಡು ದಿನದಲ್ಲಿ ಹೀಚು ಬೆಳೆಯತೊಡಗುತ್ತದೆ. ತುಳಸಿ, ಚೆಂಡು ಹೂ, ಸೂರ್ಯಕಾಂತಿ ಪಕ್ಕದಲ್ಲಿದ್ದರೆ ಜೇನು ತಾನಾಗಿ ಬರುತ್ತದೆ.

ಇನ್ನು ಕೈಗೆ ಬಂದ ಕಾಯಿಯನ್ನು ಕೆಡಿಸುವ ಹಣ್ಣುನೊಣ. ಹೆಣ್ಣು ನೊಣ ಎಳೆಯ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೊರಗೆ ಒಂದು ಚುಕ್ಕಿ, ಕೆಲವೊಮ್ಮೆ ಒಂದು ಹನಿ ಅಂಟು. ಕೆಲವೇ ದಿನಗಳಲ್ಲಿ ಕಾಯಿ ಕೊಳೆತು, ಕೊಯ್ದರೆ ಒಳಗೆ ಬಿಳಿ ಹುಳುಗಳು. ಇದೇ ನೊಣವನ್ನು ಜಪಾನಿನ ಓಕಿನಾವಾ ದ್ವೀಪಗಳಿಂದ ನಿರ್ಮೂಲ ಮಾಡಲು ಸುಮಾರು 20 ವರ್ಷ ಹಿಡಿಯಿತು. ವಿಕಿರಣದಿಂದ ಸಂತಾನಶಕ್ತಿ ಕಳೆದ ನೊಣಗಳನ್ನು ಕೋಟಿಕೋಟಿ ಲೆಕ್ಕದಲ್ಲಿ ಸಾಕಿ ಬಿಟ್ಟು, 1993 ರ ಹೊತ್ತಿಗೆ ಆ ಕೆಲಸ ಮುಗಿಸಿದರು. ಮನೆಯಂಗಳದಲ್ಲಿ ಅಂಥದ್ದು ಆಗದ ಮಾತು. ಆದರೆ ಹೂವು ಬಾಡಿದ ಕೂಡಲೇ ಹೀಚಿಗೆ ಕಾಗದದ ಚೀಲ ತೊಡಿಸುವುದು ಯಾರಿಂದಲೂ ಆಗುತ್ತದೆ. ಕ್ಯೂ ಲ್ಯೂರ್ ಎಂಬ ಆಕರ್ಷಕ ವಸ್ತು ಹಾಕಿದ ಬಲೆಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಹಿಡಿಯುವುದು ಗಂಡು ನೊಣವನ್ನು ಮಾತ್ರ. ಹಾಗಾಗಿ ಬಲೆಯೊಂದನ್ನೇ ನಂಬಬೇಡಿ. ಕೊಳೆತ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಅಂಥ ಕಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿನಲ್ಲಿಡಿ.

ಕಾಯಿ ಕಹಿಯಾದರೆ? ಸೌತೆಯ ಕುಲದಲ್ಲೇ ಕುಕರ್ಬಿಟಾಸಿನ್ ಎಂಬ ಕಹಿ ವಸ್ತುವಿದೆ. ಕಾಡು ಸೌತೆಯಲ್ಲಿ ತುಂಬಾ, ನಾಡ ತಳಿಗಳಲ್ಲಿ ಅತ್ಯಲ್ಪ. ಒಂದು ದಿನ ನೀರು ತುಂಬಿಸಿ ನಾಲ್ಕು ದಿನ ಒಣಗಿಸಿದರೆ, ಬಿಸಿಲಿನ ತಾಪಕ್ಕೆ ಬಳ್ಳಿ ಬಳಲಿದರೆ ಆ ಕಹಿ ಏರುತ್ತದೆ. ತೊಟ್ಟಿನ ಕಡೆ, ಸಿಪ್ಪೆಯ ಕೆಳಗೆ ಹೆಚ್ಚಿರುತ್ತದೆ. ತೊಟ್ಟಿನ ಕಡೆ ಒಂದು ಇಂಚು ಕತ್ತರಿಸಿ, ರುಚಿ ನೋಡಿ. ಇಡೀ ಕಾಯಿ ಕಹಿಯಿದ್ದರೆ ತಿನ್ನಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ತೀರಾ ಕಹಿಯಾದ ಸೌತೆ, ಸೋರೆ ತಿಂದರೆ ವಾಂತಿ ಭೇದಿಯಾಗುತ್ತದೆ.

ಕೇಳುಗರೇ, ಇಷ್ಟೆಲ್ಲ ನೋಡಿದರೂ ಕಾರಣ ಹೊಳೆಯದಿದ್ದರೆ ಊಹೆಯ ಮೇಲೆ ಔಷಧಿ ತರಬೇಡಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಹೋಗಿ. ಈಗಷ್ಟೇ ರೋಗ ತಗಲಿದ ಒಂದು ಎಲೆ, ಪೂರ್ತಿ ಕೆಟ್ಟ ಒಂದು ಎಲೆ, ಸಾಧ್ಯವಾದರೆ ಬೇರು ಸಮೇತ ಒಂದು ಬಳ್ಳಿ ಒಯ್ಯಿರಿ. ಎಲೆಗಳನ್ನು ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ದಾರಿಯಲ್ಲೇ ಕೊಳೆಯುತ್ತವೆ. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಡಿ. ಹೋಗಲಾಗದವರು ಕಿಸಾನ್ ಕಾಲ್ ಸೆಂಟರ್‌ಗೆ ಫೋನ್ ಮಾಡಬಹುದು. ಸಂಖ್ಯೆ 1800-180-1551. ಕರೆಗೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಫೋನ್ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಬೀಜ ಹಾಕಿದ ದಿನಾಂಕ, ನೀರು ಹಾಕುವ ಹೊತ್ತು, ಮೊದಲು ಕೆಟ್ಟದ್ದು ಮೇಲಿನ ಎಲೆಯೋ ಕೆಳಗಿನದೋ, ಎಲೆಯ ಅಡಿಯಲ್ಲಿ ಕಂಡದ್ದೇನು, ಈವರೆಗೆ ಹಾಕಿದ ಗೊಬ್ಬರ ಮತ್ತು ಔಷಧಿ.